ಅಪ್ಪನ ಅಡ್ವಾನ್ಸೂ, ಓಡಾಡುವ ಲೀಥಿಯಮ್ಮೂ

ಭಾನುವಾರ ಬೆಳಗ್ಗೆ ಅಪ್ಪನ ಫೋನ್ ಬಂತು ಅಂದ್ರೆ ಎರಡೇ ವಿಷಯ. ಒಂದೋ ಕೊಬ್ಬರಿ ರೇಟು, ಇಲ್ಲಾ ವಾಟ್ಸಾಪಿನಲ್ಲಿ ಬಂದ ಯಾವುದೋ ವಿಡಿಯೊ. ಈ ಸಲ ಎರಡನೆಯದು.

“ಅಲ್ಲ ಕಣಮ್ಮಾ, ಸೋಲಾರಲ್ಲಿ ಹೊಸದೇನೋ ಬಂದಿದೆಯಂತಲ್ಲ, ಪೆರೋ... ಪೆರೋಸ್ಕೇಟು. ನೀನು ಓದಿದ್ದು ಅದೇ ಅಲ್ವಾ?”

“ಪೆರೋವ್‌ಸ್ಕೈಟ್, ಅಪ್ಪಾ.”

“ಹ್ಞಾಂ, ಅದೇ. ಅರ್ಧ ರೇಟು, ಡಬಲ್ ಕರೆಂಟಂತೆ. ಒಬ್ಬ ಹುಡುಗ ಬಂದಿದ್ದ. ಈಗ ಬುಕ್ ಮಾಡಿದ್ರೆ ಮೊದಲ್ನೇ ಲಾಟಲ್ಲೇ ಕೊಡ್ತಾರಂತೆ. ಹತ್ತು ಸಾವಿರ ಅಡ್ವಾನ್ಸ್ ಕೇಳಿದಾನೆ. ಕೊಟ್ಬಿಡ್ಲಾ?”

ಕಾಫಿ ಲೋಟ ಕೆಳಗಿಟ್ಟೆ.

ಅಪ್ಪ ನಿವೃತ್ತ ಗಣಿತ ಮೇಷ್ಟ್ರು. ಅರಸೀಕೆರೆಯಿಂದ ಸ್ವಲ್ಪ ಒಳಗೆ ನಮ್ಮ ಹಳ್ಳಿ. ಮನೆ ಹಿಂದೆ ತೆಂಗಿನ ತೋಟ, ಮೇಲೆ ನೆರಳು ಬೀಳದ ತಾರಸಿ. ಅಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕು ಅಂತ ಆರು ತಿಂಗಳು ಓಡಾಡಿ ಕೊಟೇಶನ್ ತಗೊಂಡು, 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿಗೆ ಕಾಗದ ಪತ್ರ ಎಲ್ಲ ಜೋಡಿಸಿಟ್ಟಿದ್ದರು. (ಗೃಹಜ್ಯೋತಿ ಇರುವಾಗ ಇದೆಲ್ಲ ಯಾಕೆ ಅನ್ನೋದು ಬೇರೆ ಅಂಕಣಕ್ಕೇ ಆಗುವಷ್ಟಿದೆ, ಇವತ್ತು ಬೇಡ.) ಅಷ್ಟರಲ್ಲಿ ಈ ಹುಡುಗ ಬಂದು “ಹಳೇ ಸಿಲಿಕಾನ್ ಹಾಕಿಸಿ ದುಡ್ಡು ಹಾಳು ಮಾಡ್ಕೋಬೇಡಿ ಸಾರ್” ಅಂದಿದ್ದಾನೆ.

ಈ ಅಂಕಣವನ್ನು ಮೊದಲಿಂದ ಓದ್ತಿರೋರಿಗೆ ಗೊತ್ತು, ಸಾಫ್ಟ್‌ವೇರಿಗೆ ಬರೋ ಮೊದಲು ನಾನು ಮೂರೂವರೆ ವರ್ಷ ಪಿಎಚ್‌ಡಿ ಅಂತ ಒಂದು ಲ್ಯಾಬಿನಲ್ಲಿದ್ದವಳು. ಮುಗಿಸಲಿಲ್ಲ. ಯಾಕೆ ಅಂತ ಇಲ್ಲಿ ಬರೆದಿಲ್ಲ, ಮನೆಯಲ್ಲೂ ಹೇಳಿಲ್ಲ. ಅಪ್ಪ ಕೇಳಲೂ ಇಲ್ಲ. “ಬಂದ್ಯಾ, ಕೈಕಾಲು ತೊಳ್ಕೊ, ಊಟ ಮಾಡು” ಅಂದಿದ್ದರು, ಅಷ್ಟೇ. ಈಗ ಹತ್ತು ಸಾವಿರದ ಪ್ರಶ್ನೆ ಹಿಡಕೊಂಡು, ಗೊತ್ತಿಲ್ಲದೇ ಅದೇ ಬಾಗಿಲು ತಟ್ಟಿದ್ದರು.

“ಬೇಡ” ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಸ್ಟೆಪ್ಸ್ ಬರೆಯದೆ ಬರೀ ಉತ್ತರ ಬರೆದರೆ ಅಪ್ಪ ಮಾರ್ಕ್ಸ್ ಕೊಡೋರಲ್ಲ. “ಶನಿವಾರ ಬರ್ತೀನಿ, ಅಲ್ಲಿವರೆಗೆ ಕೊಡಬೇಡಿ” ಅಂದೆ. ಹೊರಡುವಾಗ ಟೇಬಲ್ ಡ್ರಾಯರಿನ ತಳದಿಂದ ಒಂದು ಸಣ್ಣ ಪ್ಲಾಸ್ಟಿಕ್ ಕವರನ್ನೂ ತೆಗೆದು ಬ್ಯಾಗಿಗೆ ಹಾಕಿಕೊಂಡೆ.

ಶನಿವಾರ ರಾತ್ರಿ ಊಟ ಆದ ಮೇಲೆ ಪಾಠ ಶುರುವಾಯ್ತು. ಅಮ್ಮ ಅಡುಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಿದ್ದರು. ಅಲ್ಲಿಂದಲೇ ಕೇಳಿದರು, “ಡೋಪಿಂಗ್ ಅಂದ್ರೆ ಓಟದವರು ತಗೊಳ್ಳೋ ಮಾತ್ರೆ ಅಲ್ವೇನೇ?”

ಮಾತು ಅದೇ, ವಿಷಯ ಬೇರೆ. ಶುದ್ಧ ಸಿಲಿಕಾನ್‌ಗೆ ಬೇಕಂತಲೇ ಚಿಟಿಕೆ ಬೇರೆ ವಸ್ತು ಬೆರೆಸೋದು ಡೋಪಿಂಗ್. ಸಿಲಿಕಾನ್ ಪರಮಾಣುವಿಗೆ ನಾಲ್ಕು ಕೈ ಅಂದುಕೊಳ್ಳಿ. ನಾಲ್ಕೂ ಕೈಯಲ್ಲಿ ಅಕ್ಕಪಕ್ಕದವರನ್ನು ಹಿಡಿದು ನಿಂತಿರುತ್ತೆ, ಅಲುಗಾಡಲು ಯಾರೂ ಖಾಲಿ ಇಲ್ಲ. ಅವರ ಮಧ್ಯೆ ಐದು ಕೈಯ ರಂಜಕ ಬಂದು ನಿಂತರೆ ಒಂದು ಕೈ ಮಿಗುತ್ತೆ, ಅಂದರೆ ಒಂದು ಎಲೆಕ್ಟ್ರಾನ್ ಬಿಡುವಾಗುತ್ತೆ. ಮೂರು ಕೈಯ ಬೋರಾನ್ ಬಂದರೆ ಒಂದು ಜಾಗ ಖಾಲಿ ಉಳಿಯುತ್ತೆ. ಮೊದಲನೆಯದು ‘ಎನ್’, ಎರಡನೆಯದು ‘ಪಿ’. ಪುಸ್ತಕದಲ್ಲಿ ಆ ಖಾಲಿ ಜಾಗವನ್ನು ರಂಧ್ರ ಅಂತಾರೆ. ನನಗೆ ಬಸ್ಸಿನ ಖಾಲಿ ಸೀಟು ಅನ್ನೋದೇ ಸಲೀಸು. ಪಕ್ಕದವರು ಎದ್ದು ಅದರಲ್ಲಿ ಕೂತರೆ ಅವರ ಸೀಟು ಖಾಲಿ. ಹೀಗೆ ಖಾಲಿ ಸೀಟೇ ಬಸ್ಸಿನೊಳಗೆ ಓಡಾಡಿದ ಹಾಗೆ ಕಾಣುತ್ತೆ.

“ಎಷ್ಟು ಬೆರೆಸಬೇಕು?” ಅಪ್ಪನ ಪ್ರಶ್ನೆ ಯಾವಾಗಲೂ ಎಷ್ಟು ಅನ್ನೋದೇ.

ಸೋಲಾರ್ ಬಿಲ್ಲೆಯಲ್ಲಿ ಸುಮಾರು 50 ಲಕ್ಷ ಸಿಲಿಕಾನ್ ಪರಮಾಣುವಿಗೆ ಒಂದು ಬೋರಾನ್ ಸಾಕು. ಇಡೀ ಬೆಂಗಳೂರಿಗೆ ಇಬ್ಬರು ಮೂವರು ಹೊರಗಿನವರು ಬಂದ ಲೆಕ್ಕ. ಅಷ್ಟರಿಂದಲೇ ಊರಿನ ನಡವಳಿಕೆ ಬದಲಾಗುತ್ತೆ. “ನನ್ನ ಹೆಪ್ಪಿಗಿಂತ ಕಮ್ಮಿ ಆಯ್ತಲ್ಲೇ” ಅಂದರು ಅಮ್ಮ. ಹೌದು. ಆದರೆ ಹೆಪ್ಪು ಹಾಲಿನೊಳಗೆ ಬೆಳೆಯುತ್ತೆ, ಬೋರಾನ್ ಬೆಳೆಯಲ್ಲ. ಇಟ್ಟ ಜಾಗದಲ್ಲಿ ಕೂತಿರುತ್ತೆ. ಈ ಕೂತಿರೋದನ್ನು ನೆನಪಿಟ್ಟುಕೊಳ್ಳಿ ಅಂತ ಅವರಿಬ್ಬರಿಗೂ ಹೇಳಿದೆ, ನಿಮಗೂ ಹೇಳ್ತಿದ್ದೀನಿ.

ಇನ್ನು ಜಂಕ್ಷನ್. ನಮ್ಮ ಕಡೆಯವರಿಗೆ ಜಂಕ್ಷನ್ ಅಂದ್ರೆ ಅರಸೀಕೆರೆ. ಬೆಂಗಳೂರಿಂದ ಬಂದ ಜನ ಅಲ್ಲಿ ಬೇರೆಯಾಗ್ತಾರೆ. ಹುಬ್ಬಳ್ಳಿ ಕಡೆಯವರು ಮುಂದೆ, ಹಾಸನದವರು ಇಳಿದು ಆ ಕಡೆ ರೈಲಿಗೆ. ಸೋಲಾರ್ ಸೆಲ್ಲಿನ ಜಂಕ್ಷನ್ ಕೆಲಸವೂ ಇದೇ, ಬೇರೆ ಮಾಡೋದು. ಬಿಸಿಲು ಬಿದ್ದಾಗ ಎಲೆಕ್ಟ್ರಾನ್ ಎದ್ದು ಹೊರಡುತ್ತೆ, ಹಿಂದೆ ಖಾಲಿ ಸೀಟು ಬಿಡುತ್ತೆ. ಬೇಗ ಬೇರೆ ಮಾಡದಿದ್ದರೆ ಅದು ವಾಪಸ್ ಬಂದು ಅದೇ ಥರದ ಇನ್ನೊಂದು ಸೀಟಲ್ಲಿ ಕೂತುಬಿಡುತ್ತೆ. ಬಿಸಿಲು ಬಿದ್ದದ್ದು ದಂಡ, ತಗಡು ಬಿಸಿಯಾಗೋದಷ್ಟೇ ಲಾಭ.

ಪಿ ಮತ್ತು ಎನ್ ಅಂಟಿಕೊಂಡ ಗಡಿಯಲ್ಲಿ ಆಗೋದಿಷ್ಟು: ಎನ್ ಕಡೆಯ ಬಿಡುವಿನ ಎಲೆಕ್ಟ್ರಾನುಗಳು ಗಡಿ ದಾಟಿ ಪಿ ಕಡೆಯ ಖಾಲಿ ಸೀಟು ತುಂಬುತ್ತವೆ. ಎಲೆಕ್ಟ್ರಾನ್ ಕಳಕೊಂಡ ರಂಜಕ ಧನ ಆಗುತ್ತೆ, ಪಡೆದ ಬೋರಾನ್ ಋಣ ಆಗುತ್ತೆ. ಇವೆರಡೂ ಮೊಳೆ ಹೊಡೆದ ಹಾಗೆ ನಿಂತಲ್ಲೇ ನಿಂತಿರುವುದರಿಂದ ಗಡಿಯಲ್ಲಿ ಒಂದು ಇಳಿಜಾರು ತಯಾರಾಗುತ್ತೆ. ಬಿಸಿಲಿಗೆ ಎದ್ದ ಎಲೆಕ್ಟ್ರಾನ್ ಎನ್ ಕಡೆಗೆ ಜಾರುತ್ತೆ, ಖಾಲಿ ಸೀಟು ಪಿ ಕಡೆಗೆ. ಎರಡೂ ತುದಿಗೆ ತಂತಿ ಕಟ್ಟಿದರೆ ಕರೆಂಟು.

“ಇದನ್ನ ಯಾರು ಕಂಡುಹಿಡಿದಿದ್ದು?”

ಮೊದಲನೆಯದನ್ನು ಯಾರೂ ಮಾಡಲೇ ಇಲ್ಲ, ಸಿಕ್ಕಿತು. 1940ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರಸೆಲ್ ಓಲ್ ಅನ್ನೋರು ಬಿರುಕು ಬಿಟ್ಟ ಒಂದು ಸಿಲಿಕಾನ್ ಕಡ್ಡಿ ಪರೀಕ್ಷೆ ಮಾಡುತ್ತಿದ್ದರು. ಅದರ ಮೇಲೆ ಬೆಳಕು ಬಿದ್ದಾಗಲೆಲ್ಲ ಮೀಟರ್ ಮುಳ್ಳು ಎಗರುತ್ತಿತ್ತು. ಕರಗಿದ ಸಿಲಿಕಾನ್ ಆರುವಾಗ ಅದರೊಳಗಿನ ಕಲ್ಮಶ ತಾನಾಗಿಯೇ ಎರಡು ಪಾಲಾಗಿ, ಒಂದು ಕಡೆ ಪಿ, ಇನ್ನೊಂದು ಕಡೆ ಎನ್ ಆಗಿತ್ತು.

ಮುಂದಿನ ಕಥೆ ನನಗೆ ಬಹಳ ಇಷ್ಟ. ಲ್ಯಾಬಿನಲ್ಲಿದ್ದಾಗ ಇದನ್ನು ಓದಿರಲಿಲ್ಲ, ಬಿಟ್ಟು ಬಂದ ಮೇಲೆ ಓದಿದೆ. ಮೊದಲೇ ಓದಿದ್ದರೆ ಸ್ವಲ್ಪ ಕಮ್ಮಿ ಅಳುತ್ತಿದ್ದೆನೇನೋ.

ಅದೇ ಬೆಲ್ ಲ್ಯಾಬ್ಸ್‌ನಲ್ಲಿ ಡ್ಯಾರಿಲ್ ಚಾಪಿನ್ ಅನ್ನೋರಿಗೆ ಒಂದು ಕೆಲಸ ಕೊಟ್ಟಿದ್ದರು. ಸೆಕೆ, ತೇವ ಇರುವ ಊರುಗಳಲ್ಲಿ ಟೆಲಿಫೋನ್ ಬ್ಯಾಟರಿಗಳು ಬೇಗ ಕೆಡುತ್ತಿದ್ದವು, ಬೇರೆ ದಾರಿ ಹುಡುಕಬೇಕಿತ್ತು. ಅವರು ಸೆಲೆನಿಯಂ ಸೆಲ್ ಇಟ್ಟುಕೊಂಡು ಒದ್ದಾಡುತ್ತಿದ್ದರು. ಬಿಸಿಲಿನಲ್ಲಿ ಶೇಕಡಾ ಒಂದರಷ್ಟೂ ಕರೆಂಟಾಗುತ್ತಿರಲಿಲ್ಲ. ಪಕ್ಕದ ವಿಭಾಗದಲ್ಲಿ ಕ್ಯಾಲ್ವಿನ್ ಫುಲ್ಲರ್ ಗ್ಯಾಲಿಯಂ ಬೆರೆಸಿದ ಸಿಲಿಕಾನ್ ಮಾಡಿಕೊಟ್ಟರು, ಜೆರಾಲ್ಡ್ ಪಿಯರ್ಸನ್ ಅದನ್ನು ಬಿಸಿ ಲೀಥಿಯಂನಲ್ಲಿ ಅದ್ದಿದರು. ಜಂಕ್ಷನ್ ರೆಡಿ. ಸೆಲೆನಿಯಂಗಿಂತ ಎಷ್ಟೋ ಮೇಲು, ಶೇ 2.3.

ಆದರೆ ಆ ಲೀಥಿಯಂ ಸುಮ್ಮನೆ ಕೂರಲಿಲ್ಲ. ಲೀಥಿಯಂ ಬಹಳ ಸಣ್ಣ ಪರಮಾಣು. ರೂಮಿನ ಸಾಧಾರಣ ಬಿಸಿಯಲ್ಲೇ ಸಿಲಿಕಾನ್ ಒಳಗೆ ನುಸುಳುತ್ತಾ ಹೋಯ್ತು, ಅದರ ಜೊತೆ ಜಂಕ್ಷನ್ನೂ ಮೇಲ್ಮೈಯಿಂದ ಒಳಕ್ಕೆ ಸರೀತಾ ಹೋಯ್ತು. ಬಿಸಿಲು ಬೀಳೋದು ಒಂದು ಕಡೆ, ಜಂಕ್ಷನ್ ಇನ್ನೊಂದು ಕಡೆ. ಕೊನೆಗೆ ಫುಲ್ಲರ್ ಲೀಥಿಯಂಗೆ ಕೈಮುಗಿದು, ಆರ್ಸೆನಿಕ್ ಇದ್ದ ಸಿಲಿಕಾನ್ ಮೇಲೆ ಬೋರಾನ್‌ನ ತೆಳು ಪದರ ಇಳಿಸಿದರು. 1954ರ ಏಪ್ರಿಲ್ 25ರಂದು ಪತ್ರಕರ್ತರ ಮುಂದೆ ಅದರ ಕರೆಂಟಿನಲ್ಲಿ ಆಟಿಕೆಯ ಜಾಯಿಂಟ್ ವೀಲ್ ತಿರುಗಿಸಿ ತೋರಿಸಿದರು. ಸುಮಾರು ಶೇ 6.

ಇವತ್ತಿಗೂ ಕಾರ್ಖಾನೆಗಳಲ್ಲಿ ರಂಜಕವನ್ನೋ ಬೋರಾನನ್ನೋ ಸಿಲಿಕಾನ್ ಒಳಗೆ ಇಳಿಸಬೇಕಾದರೆ 800, 900 ಡಿಗ್ರಿ ಕಾಯಿಸಬೇಕು. ಅಷ್ಟು ಬಿಸಿಗೆ ಒಳಗೆ ಹೋದದ್ದು ನಮ್ಮ ತಾರಸಿಯ ಬೇಸಿಗೆಯ 60, 65 ಡಿಗ್ರಿಗೆ ಕೂತ ಜಾಗದಿಂದ ಏಳೋದಿಲ್ಲ. ಪ್ಯಾನೆಲ್ಲಿಗೆ 25 ವರ್ಷ ವಾರಂಟಿ ಕೊಡೋ ಧೈರ್ಯ ಮುಖ್ಯವಾಗಿ ಅಲ್ಲಿಂದ ಬರೋದು.

ಅಪ್ಪ ತಲೆಯಾಡಿಸಿದರು. “ಸರಿ, ಸಿಲಿಕಾನ್ ಆಯ್ತು. ಈಗ ನಿನ್ನದು ಹೇಳು.”

ನನ್ನದು.

ಪೆರೋವ್‌ಸ್ಕೈಟ್ ಅನ್ನೋದು 1839ರಲ್ಲಿ ಯೂರಲ್ ಬೆಟ್ಟಗಳಲ್ಲಿ ಸಿಕ್ಕ ಒಂದು ಖನಿಜದ ಹೆಸರು. ಅದೇ ಜೋಡಣೆ ಇರೋ ಯಾವ ಹರಳಿಗೂ ಈಗ ಅದೇ ಹೆಸರು. ಸೋಲಾರ್‌ಗೆ ಬಳಸೋದರಲ್ಲಿ ಸೀಸ ಮತ್ತು ಅಯೋಡಿನ್ ಸೇರಿ ಕಟ್ಟಿದ ಚೌಕಟ್ಟು, ಚೌಕಟ್ಟಿನ ನಡುವಿನ ಕೋಣೆಯಲ್ಲಿ ಒಂದು ಸಾವಯವ ಅಯಾನೋ ಸೀಸಿಯಮ್ಮೋ ಕೂತಿರುತ್ತೆ. ಮಾಡೋದು ಎಷ್ಟು ಸುಲಭ ಅಂದ್ರೆ ಮೊದಲ ಸಲ ನೋಡಿದಾಗ ನಗು ಬಂದಿತ್ತು. ಹಳದಿ ದ್ರಾವಣದ ನಾಲ್ಕು ಹನಿ ಗಾಜಿನ ಮೇಲೆ ಹಾಕಿ, ಗಿರ್ರ್ ಅಂತ ತಿರುಗಿಸಿ, 100 ಡಿಗ್ರಿ ಹಂಚಿನ ಮೇಲಿಟ್ಟರೆ ಕಣ್ಣೆದುರೇ ಕಪ್ಪಗಾಗುತ್ತೆ. ನೀರ್ದೋಸೆಗಿಂತ ಬೇಗ. ದಪ್ಪ ಅರ್ಧ ಮೈಕ್ರಾನ್, ತಲೆಕೂದಲಿನ ಸುಮಾರು ನೂರರಲ್ಲೊಂದು ಪಾಲು. 2009ರಲ್ಲಿ ಜಪಾನಿನ ಯೊಕೊಹಾಮದಲ್ಲಿ ತ್ಸುತೊಮು ಮಿಯಸಾಕ ಅವರ ಗುಂಪು ಮೊದಲು ಇದರಿಂದ ಸೆಲ್ ಮಾಡಿದಾಗ ಶೇ 3.8. ಒಳಗಿದ್ದ ದ್ರವಕ್ಕೆ ಹರಳೇ ಕರಗಿ ಕೆಲವೇ ನಿಮಿಷದಲ್ಲಿ ಸೆಲ್ ಸಾಯುತ್ತಿತ್ತು. 2012ರಲ್ಲಿ ದ್ರವದ ಬದಲು ಗಟ್ಟಿ ಪದರ ಹಾಕಿದ ಮೇಲೆ ಶೇ 10ರ ಆಸುಪಾಸು. ಈಗ 26 ದಾಟಿದೆ. ಸಿಲಿಕಾನ್ 1954ರಿಂದ ಇಲ್ಲಿವರೆಗೆ ನಡೆದ ದಾರಿಯನ್ನು ಇದು ಹದಿನೈದು ವರ್ಷದಲ್ಲಿ ಓಡಿದೆ.

“ಇದರಲ್ಲೂ ಬೋರಾನ್ ಹಾಕ್ತೀರಾ?”

ಇಲ್ಲ! ಸಿಲಿಕಾನ್ ಓದಿ ಬಂದವರಿಗೆ ತಲೆ ತಿರುಗೋದೇ ಇಲ್ಲಿ. ಪೆರೋವ್‌ಸ್ಕೈಟ್‌ಗೆ ಹೊರಗಿನ ಚಿಟಿಕೆ ಅಷ್ಟು ಸುಲಭಕ್ಕೆ ಒಗ್ಗಲ್ಲ. ಎರಡು ಕೈಯ ಸೀಸದ ಜಾಗಕ್ಕೆ ಮೂರು ಕೈಯ ಬಿಸ್ಮತ್ ಕಳಿಸಿದರೆ ಒಂದು ಎಲೆಕ್ಟ್ರಾನ್ ಬಿಡುವಾಗಬೇಕಿತ್ತು, ಲೆಕ್ಕದ ಪ್ರಕಾರ. ಆದರೆ ಹರಳು ಎಲ್ಲೋ ಇನ್ನೊಂದು ಅಯಾನನ್ನು ಕಳಕೊಂಡು ಲೆಕ್ಕ ಸರಿಮಾಡಿಕೊಂಡುಬಿಡುತ್ತೆ. ಮೇಲಾಗಿ ಆ ಬಿಸ್ಮತ್ತೇ ಗುಂಡಿಯಾಗಿ, ಹಾದುಹೋಗೋ ಎಲೆಕ್ಟ್ರಾನುಗಳು ಅದರಲ್ಲಿ ಬೀಳ್ತವೆ. ತವರದಿಂದ ಮಾಡಿದ ಪೆರೋವ್‌ಸ್ಕೈಟ್ ಕಥೆ ಇದರ ಉಲ್ಟಾ. ಸ್ವಲ್ಪ ಗಾಳಿ ತಗುಲಿದರೆ ಸಾಕು, ತವರ ಎಲೆಕ್ಟ್ರಾನ್ ಕಳಕೊಂಡು ತನಗೆ ತಾನೇ ವಿಪರೀತ ಪಿ ಆಗಿಬಿಡುತ್ತೆ. ಎಲ್ಲೆಲ್ಲೂ ಖಾಲಿ ಸೀಟು, ಎದ್ದ ಎಲೆಕ್ಟ್ರಾನ್ ಹತ್ತು ಹೆಜ್ಜೆ ಇಡೋ ಮೊದಲೇ ಕೂತುಬಿಡುತ್ತೆ.

ಇಲ್ಲೊಂದು ಸಣ್ಣ ಸಿಟ್ಟು ಹೊರಹಾಕ್ತೀನಿ. ಈ ಕ್ಷೇತ್ರದ ಪೇಪರುಗಳಲ್ಲಿ ಏನು ಬೆರೆಸಿದರೂ ‘ಡೋಪಿಂಗ್’ ಅಂತಲೇ ಬರೀತಾರೆ. ನೂರಕ್ಕೆ ಹತ್ತು ಪಾಲು ಸೀಸಿಯಂ ಸುರಿದು ಅದಕ್ಕೂ ಡೋಪಿಂಗ್ ಅಂದ್ರೆ ಹೇಗೆ? ಅದು ಒಗ್ಗರಣೆ ಅಲ್ಲ, ಅಕ್ಕಿನೇ ಬದಲಾಯಿಸಿದ ಹಾಗೆ.

ಡೋಪ್ ಮಾಡದೆಯೂ ಇದು ಕೆಲಸ ಮಾಡೋದು ಹೇಗೆ? ಇದರ ಒಳ್ಳೆ ಗುಣ ಅಂದ್ರೆ, ಇಲ್ಲಿ ಎದ್ದ ಎಲೆಕ್ಟ್ರಾನ್ ಬೇಗ ವಾಪಸ್ ಕೂರಲ್ಲ. ಒಂದು ಮೈಕ್ರಾನ್‌ಗಿಂತ ದೂರ ಅಲೆಯಬಲ್ಲದು ಅಂತ 2013ರಲ್ಲೇ ಅಳೆದಿದ್ದಾರೆ. ಪದರವೇ ಅರ್ಧ ಮೈಕ್ರಾನ್. ಅಂದಮೇಲೆ ಒಳಗೆ ಇಳಿಜಾರು ಇಲ್ಲದಿದ್ದರೂ ನಡೆಯುತ್ತೆ, ಎರಡು ಬದಿಗೆ ಸರಿಯಾದ ಗೇಟ್ ಇದ್ದರೆ ಸಾಕು. ಒಂದು ಗೇಟು ಎಲೆಕ್ಟ್ರಾನ್ ಮಾತ್ರ ಬಿಡುತ್ತೆ. ಅದಕ್ಕೆ ಟೈಟಾನಿಯಂ ಆಕ್ಸೈಡ್ ಅಥವಾ ತವರದ ಆಕ್ಸೈಡ್. ಇನ್ನೊಂದು ಖಾಲಿ ಸೀಟು ಮಾತ್ರ ಬಿಡುತ್ತೆ. ಒಂದೇ ವಸ್ತುವಿನೊಳಗೆ ಇರಬೇಕಿದ್ದ ಜಂಕ್ಷನ್ ಇಲ್ಲಿ ಅಕ್ಕಪಕ್ಕದವರ ಮನೆ ಗಡಿಗೆ ಬಂತು. ಮಧ್ಯದ್ದು ಹೆಚ್ಚುಕಮ್ಮಿ ತಟಸ್ಥ, ಆ ಕಡೆ ಪಿ, ಈ ಕಡೆ ಎನ್. ಪೆರೋವ್‌ಸ್ಕೈಟನ್ನೇ ಎರಡು ಪಾಲು ಮಾಡಿ, ಅಳತೆ ಹೆಚ್ಚುಕಮ್ಮಿ ಮಾಡಿ ಒಂದನ್ನು ಪಿ, ಒಂದನ್ನು ಎನ್ ಮಾಡಿದವರೂ ಇದ್ದಾರೆ. 2019ರಲ್ಲಿ ಚೀನಾದ ಒಂದು ಗುಂಪು ಹಾಗೆ ಮಾಡಿ ಶೇ 21 ದಾಟಿಸಿತು. ಆದರೂ ಹೆಚ್ಚಿನವರ ದಾರಿ ಗೇಟಿನದೇ.

ಈಗ ಆ ಎರಡನೇ ಗೇಟಿನ ವಿಷಯ. ಅಲ್ಲಿಗೆ ಬಂದಾಗ ನನ್ನ ಗಂಟಲು ಸ್ವಲ್ಪ ಕಟ್ಟಿತು ಅನ್ನೋದನ್ನು ನಿಮ್ಮ ಹತ್ತಿರ ಮುಚ್ಚಿಡಲ್ಲ.

ಆ ಗೇಟಿಗೆ ವರ್ಷಗಟ್ಟಲೆ ಎಲ್ಲರೂ ಬಳಸಿದ್ದು, ನಾನೂ ಬಳಸಿದ್ದು, ಸ್ಪೈರೋ ಅಂತ ಕರೆಯೋ ಒಂದು ಸಾವಯವ ವಸ್ತು. ಪೂರ್ತಿ ಹೆಸರು ಹೇಳಲು ಹೋದರೆ ಈ ಪ್ಯಾರಾ ಮುಗಿಯಲ್ಲ. ಚಿನ್ನಕ್ಕಿಂತ ದುಬಾರಿ, ಆದರೆ ಶುದ್ಧ ರೂಪದಲ್ಲಿ ಕರೆಂಟ್ ಹರಿಸೋದರಲ್ಲಿ ಮಹಾ ಸೋಮಾರಿ. ಅದಕ್ಕೆ ಡೋಪಿಂಗ್ ಬೇಕೇ ಬೇಕು. ಪೆರೋವ್‌ಸ್ಕೈಟ್‌ನಿಂದ ಓಡಿಸಿದ ಡೋಪಿಂಗು ಪಕ್ಕದ ಮನೆಯಲ್ಲಿ ಬಾಡಿಗೆಗೆ ಬಂತು. ಏನು ಹಾಕ್ತಾರೆ ಗೊತ್ತಾ? ಲೀಥಿಯಂ ಉಪ್ಪು.

“ಮತ್ತೆ ಲೀಥಿಯಮ್ಮಾ!” ಅಂದರು ಅಪ್ಪ.

ಮತ್ತೆ ಲೀಥಿಯಂ. ಹಾಕಿ, ರಾತ್ರಿಯಿಡೀ ಒಣ ಗಾಳಿಯ ಪೆಟ್ಟಿಗೆಯಲ್ಲಿ ಇಡಬೇಕು. ಗಾಳಿಯ ಆಮ್ಲಜನಕ ಸ್ಪೈರೋದಿಂದ ಎಲೆಕ್ಟ್ರಾನ್ ಕಿತ್ತುಕೊಂಡಾಗಲೇ ಅದು ಸರಿಯಾಗಿ ಕೆಲಸ ಶುರುಮಾಡೋದು. ಬೆಳಗ್ಗೆ ಬಂದು ಅಳೆದರೆ ಸೆಲ್ ಜಿಗಿದಿರುತ್ತೆ. ಆದರೆ ಈ ಉಪ್ಪಿಗೆ ಎರಡು ಕೆಟ್ಟ ಚಾಳಿ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಒದ್ದೆಯಾಗುತ್ತಲ್ಲ, ಹಾಗೆ ಗಾಳಿಯ ತೇವ ಎಳೆದುಕೊಳ್ಳುತ್ತೆ. ಪೆರೋವ್‌ಸ್ಕೈಟ್‌ಗೆ ತೇವ ಅಂದ್ರೆ ವಿಷ. ಎರಡನೆಯದು, 1953ರಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡುತ್ತೆ. ಕೂರಲ್ಲ. ಒಂದು ಪದರದಿಂದ ಇನ್ನೊಂದಕ್ಕೆ ನುಸುಳುತ್ತೆ.

ಲೀಥಿಯಂ ಒಂದನ್ನೇ ಬೈದು ಪ್ರಯೋಜನ ಇಲ್ಲ, ಪೆರೋವ್‌ಸ್ಕೈಟಿನ ಅಯೋಡಿನ್ ಅಯಾನುಗಳೂ ಅಲೆಮಾರಿಗಳೇ. 100 ಡಿಗ್ರಿಯಲ್ಲಿ ಬೆಂದ ಹರಳು, ಸಡಿಲ ಕಟ್ಟಡ. ಖಾಲಿ ಜಾಗ ಸಿಕ್ಕಲ್ಲಿ ಅಯಾನು ಹಾರಿ ಕೂರುತ್ತೆ. ಕಷ್ಟಪಟ್ಟು ಕಟ್ಟಿದ ಇಳಿಜಾರನ್ನು ಇವು ಎರಡು ತುದಿಯಲ್ಲಿ ಗುಡ್ಡೆಯಾಗಿ ಮಟ್ಟ ಮಾಡಿಬಿಡುತ್ತವೆ. ಇದರಿಂದ ವಿಚಿತ್ರ ಒಂದಿದೆ. ಅಳೆಯುವಾಗ ವೋಲ್ಟೇಜನ್ನು ಮೇಲಿಂದ ಕೆಳಗೆ ಇಳಿಸುತ್ತಾ ಬಂದರೆ ಒಂದು ಉತ್ತರ, ಕೆಳಗಿಂದ ಮೇಲೆ ಏರಿಸಿದರೆ ಇನ್ನೊಂದು. ನನ್ನ ಒಂದು ಸೆಲ್ ಆ ಕಡೆಯಿಂದ 17 ಕೊಡುತ್ತಿತ್ತು, ಈ ಕಡೆಯಿಂದ 13. ಯಾವುದು ಬರೆಯಲಿ ಅಂತ ಕೇಳಿದ್ದಕ್ಕೆ “ಯಾರಾದರೂ ಕಮ್ಮಿ ಮಾರ್ಕ್ಸ್ ತೋರಿಸ್ತಾರಾ?” ಅಂದರು ಹಿರಿಯರೊಬ್ಬರು. ಎಲ್ಲರೂ ಹಾಗೇ ಮಾಡ್ತಿದ್ದರು ಅಂತ ಹೇಳಲಾರೆ. ಅಮೆರಿಕದ ಎನ್‌ಆರ್‌ಇಎಲ್ ಸಂಸ್ಥೆ ಇಡೀ ಜಗತ್ತಿನ ದಾಖಲೆ ಸೆಲ್‌ಗಳ ಪಟ್ಟಿ ಇಡುತ್ತಿತ್ತು. ಅದರಲ್ಲಿ ಪೆರೋವ್‌ಸ್ಕೈಟ್ ಅಂಕಿಗಳ ಪಕ್ಕ ‘ಇನ್ನೂ ಸ್ಥಿರವಲ್ಲ’ ಅನ್ನೋ ಷರಾ ವರ್ಷಗಟ್ಟಲೆ ಇತ್ತು.

ನಮ್ಮ ಲ್ಯಾಬ್ ಇದ್ದದ್ದು ಸಮುದ್ರದ ಗಾಳಿ ಬೀಸುವ ಊರಲ್ಲಿ. ಮೂರನೇ ವರ್ಷದ ಮಳೆಗಾಲ ಶುರುವಾಗೋಕೂ ಒಣಗಾಳಿ ಪೆಟ್ಟಿಗೆ ಕೆಡೋಕೂ ಸರಿಹೋಯ್ತು. ರಿಪೇರಿ ಫೈಲು ಟೇಬಲ್ಲಿಂದ ಟೇಬಲ್ಲಿಗೆ ಹೋಗುತ್ತಿತ್ತು, ಅದೂ ಲೀಥಿಯಂ ಥರ, ಎಲ್ಲೂ ಕೂರದೆ. ಅಕ್ಟೋಬರಿನಲ್ಲಿ ಕಾನ್ಫರೆನ್ಸ್. ನಾನು 64 ಸೆಲ್ ಮಾಡಿದೆ. ಒಂಬತ್ತನೇ ದಿನಕ್ಕೆ 11 ಉಳಿದಿದ್ದವು. ಕಪ್ಪಗಿದ್ದ ಗಾಜುಗಳು ಅಂಚಿನಿಂದ ಹಳದಿಯಾಗುತ್ತಾ ಬಂದವು. ಹರಳು ಒಡೆದು ಲೆಡ್ ಅಯೊಡೈಡ್ ಉಳಿದರೆ ಬರೋ ಬಣ್ಣ ಅದು. ಆ 11ರಲ್ಲಿ ಚೆನ್ನಾಗಿದ್ದ ಒಂದರ ಹೆಚ್ಚಿನ ಅಂಕಿ ಹಾಕಿ ಪೋಸ್ಟರ್ ಮಾಡಿದೆ. ಉಳಿದ 53ರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಜನ ಬಂದು ಫೋಟೊ ತಗೊಂಡರು. ಅವತ್ತು ಹಾಸ್ಟೆಲ್‌ಗೆ ಬಂದು ಮಲಗಿದವಳಿಗೆ ಮತ್ತೆ ಲ್ಯಾಬಿನ ಕಡೆ ಕಾಲೇ ಹೋಗಲಿಲ್ಲ. ಇಷ್ಟನ್ನು ಅಪ್ಪನಿಗೆ ಹೇಳಿದ್ದು ಮೊದಲ ಸಲ.

ಅಪ್ಪ ಏನೂ ಅನ್ನಲಿಲ್ಲ. ನಾನು ಕವರ್ ತೆಗೆದು ಅವರ ಅಂಗೈ ಮೇಲೆ ಇಟ್ಟೆ. ಒಳಗೆ ಒಂದು ಇಂಚಿನ ಗಾಜು, ಮೇಲೆ ಚಿನ್ನದ ಸಣ್ಣ ಗೆರೆಗಳು, ಹಿಂದೆ ಪೂರ್ತಿ ಹಳದಿ. “ಕವರ್ ಬಿಚ್ಚಬೇಡಿ, ಸೀಸ ಇದೆ” ಅಂದೆ. ಅವರು ಕನ್ನಡಕ ಏರಿಸಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತುಂಬಾ ಹೊತ್ತು ನೋಡಿದರು.

“ಇದು ಎಷ್ಟು ಕೊಡ್ತಿತ್ತು?”

“17. ಒಂದು ಕಡೆಯಿಂದ.”

“ಇನ್ನೊಂದು ಕಡೆಯಿಂದ 13. ಸರಾಸರಿ ಬರೀಬೇಕಿತ್ತು, ಇಲ್ಲಾ ಎರಡೂ ಬರೀಬೇಕಿತ್ತು” ಅಂದರು. ಬೈಗುಳ ಅಲ್ಲ. ಉತ್ತರ ಪತ್ರಿಕೆ ತಿದ್ದುವ ದನಿ.

ಹಾಗಂತ ಇದು ಮುಗಿದ ಕಥೆ ಅಂದುಕೊಳ್ಳಬೇಡಿ. ಲೀಥಿಯಂ ಕಾಟಕ್ಕೆ ಔಷಧಿ ಬಂದದ್ದು, ತಮಾಷೆ ನೋಡಿ, ಲಿಥುವೇನಿಯಾದಿಂದ. ಅಲ್ಲಿನ ಕೌನಸ್ ನಗರದ ರಸಾಯನಶಾಸ್ತ್ರಜ್ಞರೂ ಬರ್ಲಿನ್ನಿನವರೂ ಸೇರಿ ಒಂದೇ ಒಂದು ಅಣುವಿನಷ್ಟು ದಪ್ಪದ ಗೇಟ್ ಮಾಡಿದರು. ಅಣುವಿನ ಒಂದು ತುದಿ ಗಾಜಿನ ಮೇಲಿನ ಲೇಪವನ್ನು ಕಚ್ಚಿ ಹಿಡಿಯುತ್ತೆ, ಇನ್ನೊಂದು ತುದಿ ಪೆರೋವ್‌ಸ್ಕೈಟ್ ಕಡೆ ಮುಖ ಮಾಡಿರುತ್ತೆ. ಇಷ್ಟು ತೆಳ್ಳಗಿದ್ದರೆ ಖಾಲಿ ಸೀಟು ಹಾಗೇ ದಾಟುತ್ತೆ, ಡೋಪಿಂಗ್ ಬೇಡ. ಉಪ್ಪೂ ಬೇಡ, ರಾತ್ರಿ ಗಾಳಿಗೆ ಇಡೋದೂ ಬೇಡ. 2020ರಲ್ಲಿ ಇದೇ ಜಾತಿಯ ಗೇಟ್ ಇಟ್ಟು ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಕೂರಿಸಿದ ಜೋಡಿ ಸೆಲ್ ಶೇ 29 ಮುಟ್ಟಿತು.

ಜೋಡಿ ಸೆಲ್ಲಿನಲ್ಲೇ ಈಗ ಎಲ್ಲರ ಕಣ್ಣು. ಮೇಲಿನ ಪೆರೋವ್‌ಸ್ಕೈಟ್ ನೀಲಿ, ಹಸಿರು ಬೆಳಕು ತಿನ್ನುತ್ತೆ, ಕೆಳಗಿನ ಸಿಲಿಕಾನ್ ಉಳಿದ ಕೆಂಪು ತಿನ್ನುತ್ತೆ. ಸಿಲಿಕಾನ್ ಒಂದೇ ಎಷ್ಟೇ ತಿಣುಕಿದರೂ ಶೇ 29.4ರ ಹತ್ತಿರ ಗೋಡೆ ಇದೆ. ಜೋಡಿ ಈಗಾಗಲೇ ಲ್ಯಾಬಿನಲ್ಲಿ 34 ದಾಟಿದೆ. ಇದರ ಮಧ್ಯದ ಜಂಕ್ಷನ್ನಿನ ಕೆಲಸ ಮಾತ್ರ ಉಲ್ಟಾ. ಮೇಲಿನ ಸೆಲ್ಲಿನ ಎಲೆಕ್ಟ್ರಾನೂ ಕೆಳಗಿನ ಸೆಲ್ಲಿನ ಖಾಲಿ ಸೀಟೂ (ಕಟ್ಟುವ ಕ್ರಮ ಬದಲಾದರೆ ಇದು ಅದಲುಬದಲು) ಅಲ್ಲಿ ಸೇರಲೇಬೇಕು, ಇಲ್ಲದಿದ್ದರೆ ಎರಡು ಸೆಲ್ಲಿನ ಕೊಂಡಿ ಕಳಚಿದ ಹಾಗೆ. ಮುಂಬೈ ಐಐಟಿಯವರು ಆ ಉಸಾಬರಿಯೇ ಬೇಡ ಅಂತ ಎರಡಕ್ಕೂ ಬೇರೆ ಬೇರೆ ತಂತಿ ಎಳೆದು 30ರ ಹತ್ತಿರ ಬಂದಿದ್ದಾರೆ. ಜರ್ಮನಿಯ ಬ್ರಾಂಡನ್‌ಬುರ್ಗ್‌ನಲ್ಲಿ ಆಕ್ಸ್‌ಫರ್ಡ್ ಪಿವಿ ಕಂಪನಿಯ ಕಾರ್ಖಾನೆ 2024ರಲ್ಲಿ ಮೊದಲ ಸಲ ಜೋಡಿ ಪ್ಯಾನೆಲ್‌ಗಳನ್ನು ಮಾರಾಟಕ್ಕೆ ಕಳಿಸಿತು. ಅವು ಹೋದದ್ದು ಅಮೆರಿಕದ ದೊಡ್ಡ ವಿದ್ಯುತ್ ಯೋಜನೆಗೆ, ಮನೆ ತಾರಸಿಗಲ್ಲ.

“ಅಂದ್ರೆ ಬರುತ್ತೆ.”

“ಬರುತ್ತೆ ಅಪ್ಪಾ. 85 ಡಿಗ್ರಿ ಬಿಸಿ, ಶೇ 85 ತೇವ, ಅದರಲ್ಲಿ 1,000 ಗಂಟೆ ಇಟ್ಟರೂ ಕೆಡಬಾರದು ಅಂತ ಪ್ಯಾನೆಲ್‌ಗಳಿಗೆ ಒಂದು ಪರೀಕ್ಷೆ ಇದೆ. ಅದನ್ನ ಪಾಸಾದ ಮೇಲೂ ನಿಜವಾದ ಬಿಸಿಲಲ್ಲಿ 20 ವರ್ಷ ನಿಂತು ತೋರಿಸಬೇಕು. ಇದು ಹುಟ್ಟಿಯೇ ಅಷ್ಟು ವರ್ಷ ಆಗಿಲ್ಲವಲ್ಲ.”

“ಡಬಲ್ ಕರೆಂಟ್ ಅಂದನಲ್ಲ?”

“ನಿಮ್ಮ ಕೊಟೇಶನ್ನಿನ ಸಿಲಿಕಾನ್ ಪ್ಯಾನೆಲ್ ಎಷ್ಟು?”

ಅಪ್ಪ ಫೈಲ್ ತೆಗೆದರು. ಶೇ 22.

“ಡಬಲ್ ಅಂದ್ರೆ 44. ಪೆರೋವ್‌ಸ್ಕೈಟ್‌ನಲ್ಲಿ ಅದು ಯಾರ ಹತ್ತಿರಾನೂ ಇಲ್ಲ, ಲ್ಯಾಬಲ್ಲೂ ಇಲ್ಲ.”

ಅಪ್ಪ ಪೆನ್ನು ತೆಗೆದು ಕೊಟೇಶನ್ನಿನ ಅಂಚಿನಲ್ಲಿ 44 ಅಂತ ಬರೆದು ಸುತ್ತ ಗೆರೆ ಎಳೆದರು. ಆಮೇಲೆ ಮಲಗಲು ಹೋದರು.

ಬೆಳಗ್ಗೆ ನಾನು ತಿಂಡಿ ತಿನ್ನುತ್ತಿದ್ದಾಗ ಜಗಲಿಯಿಂದ ಅಪ್ಪನ ದನಿ ಕೇಳಿಸಿತು. ಆ ಹುಡುಗನಿಗೇ ಫೋನ್ ಮಾಡಿದ್ದರು, ಸ್ಪೀಕರ್ ಹಾಕಿಕೊಂಡು.

“ಕೊಡೋಣ ಕಣಪ್ಪಾ ಅಡ್ವಾನ್ಸು, ಒಂದು ಡೌಟಿತ್ತು. ನಿಮ್ಮ ಪ್ಯಾನೆಲ್ಲಲ್ಲಿ ಖಾಲಿ ಸೀಟು ಹೋಗೋ ಗೇಟಿಗೆ ಏನು ಹಾಕ್ತೀರಿ? ಲೀಥಿಯಂ ಉಪ್ಪೋ, ಒಂದಣು ಪದರಾನೋ?”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಸಾರ್, ಸಿಗ್ನಲ್ ಸರಿಯಿಲ್ಲ ಸಾರ್, ಆಮೇಲೆ ಮಾಡ್ತೀನಿ” ಅಂತ ಕಟ್ಟಾಯಿತು. ಅವನು ಆಮೇಲೆ ಮಾಡಲಿಲ್ಲ. ಪಕ್ಕದ ಬೀದಿಯಲ್ಲಿ ಇಬ್ಬರು ಆಗಲೇ ದುಡ್ಡು ಕೊಟ್ಟಿದ್ದರಂತೆ. ಅಪ್ಪ ಅವರನ್ನು ಕರಕೊಂಡು ಸ್ಟೇಷನ್ನಿಗೆ ಹೋಗಿ ದೂರು ಬರೆಸಿ ಬಂದಿದ್ದಾರೆ. ದುಡ್ಡು ಇನ್ನೂ ಬಂದಿಲ್ಲ.

ಹೊರಡುವಾಗ ಗಾಜು ವಾಪಸ್ ಕೇಳಿದೆ. “ನನ್ನ ಹತ್ರ ಇರ್ಲಿ ಬಿಡು” ಅಂದರು. ಮನೆಪತ್ರ, ಪೆನ್ಷನ್ ಪುಸ್ತಕ ಇಡೋ ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು.

ಸಿಲಿಕಾನ್ ಪ್ಯಾನೆಲ್ ತಾರಸಿ ಹತ್ತಿ ಈಗ ಎರಡು ತಿಂಗಳು. ದಿನಾ ಸಂಜೆ ಆರೂವರೆಗೆ ನನಗೆ ಒಂದು ಮೆಸೇಜ್ ಬರುತ್ತೆ, ಬರೀ ಅಂಕಿ. 12.6. 13.1. 9.4, ಮೋಡ. ನಿನ್ನೆ ಅಂಕಿಯ ಕೆಳಗೆ ಇನ್ನೊಂದು ಸಾಲಿತ್ತು: “ಆ ಲಿಥುವೇನಿಯಾದವರ ಗೇಟು ಬಿಸಿಗೆ ಎಷ್ಟು ಗಂಟೆ ತಡೀತು ಈಗ? ಎರಡೂ ಕಡೆಯಿಂದ ಅಳೆದ ಅಂಕಿ ಕೊಡು.” ಆಫೀಸ್ ಕೆಲಸ ಮುಗಿಸಿ ಲ್ಯಾಪ್‌ಟಾಪಿನಲ್ಲಿ ಪೇಪರುಗಳನ್ನು ಹುಡುಕುತ್ತಾ ಕೂತೆ. ಎದ್ದಾಗ ರಾತ್ರಿ ಒಂದೂವರೆ.